ಬಾಗಿಲ ಕಡೆಯ ಮೂರು, ಗೋಡೆ ಕಡೆಯ ಮೂರು

"ಇವತ್ತೂ ಸಗಣಿಯಲ್ಲಿ ಬೀಜ ಕಂಡೆ. ಅರೆಯದ, ಮುರಿಯದ ಇಡೀ ಬೀಜ. ತೊಳೆದಿಟ್ಟ ಹಾಗೆ ಹೊಳೀತಿತ್ತು. ಯಾರಿಗೂ ಹೇಳಿಲ್ಲ."

ಅಷ್ಟು ಬರೆದು ಅವಳು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತಳು. ಮಧ್ಯಾಹ್ನ ಮೂರು ಗಂಟೆ. ಮನೆಯಲ್ಲಿ ಅವಳದೆಂದು ಒಂದು ಕೋಣೆ ಇರಲಿಲ್ಲ. ಕೊಟ್ಟಿಗೆಯ ಮೇಲೆ ಹುಲ್ಲು ಒಟ್ಟುವ ಅಟ್ಟವೇ ಅವಳ ಕೋಣೆ, ಹುಲ್ಲಿನ ಕಂತೆಯೇ ಮೇಜು. ಕೆಳಗೆ ಆರು ಹಸುಗಳು ಯಾವ ಚಿಂತೆಯೂ ಇಲ್ಲದೆ ಮೆಲುಕು ಹಾಕುತ್ತಿದ್ದವು.

ದಿನಚರಿ ಬರೆಯುವುದು ಹೈಸ್ಕೂಲಿನಿಂದ ಅಂಟಿದ ಚಟ. ಡಿಗ್ರಿ ಮುಗಿದು ಎರಡು ವರ್ಷವಾದರೂ ಬಿಟ್ಟಿರಲಿಲ್ಲ. ಬಾಯಿಗೆ ಬಾರದ್ದೆಲ್ಲ ಅವಳಿಗೆ ಕೈಗೆ ಬರುತ್ತಿತ್ತು. ಮನೆಯವರು ಅವಳನ್ನು ಸುಮ್ಮಿ ಎಂದು ಕರೆಯುತ್ತಿದ್ದರು. ತೊಟ್ಟಿಲಲ್ಲಿದ್ದಾಗಲೂ ಅವಳು ಎಷ್ಟು ಸುಮ್ಮನಿರುತ್ತಿದ್ದಳೆಂದರೆ, ಉಸಿರಾಡುತ್ತಿದೆಯೋ ಇಲ್ಲವೋ ಎಂದು ಅಜ್ಜಿ ಆಗಾಗ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳಂತೆ.

ಬೀಜದ ಕಥೆ ಶುರುವಾದದ್ದು ಹತ್ತು ದಿನದ ಹಿಂದೆ, ರಾತ್ರಿಯೂಟಕ್ಕೆ ಎಲ್ಲರೂ ಕೂತಾಗ.

ಅವಳ ಅಣ್ಣನಿಗೆ ಐಸ್ ಫ್ಯಾಕ್ಟರಿಯಲ್ಲಿ ಕೆಲಸ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆಗೆ. ಎಂಟು ವರ್ಷ ಐಸ್ ಗಡ್ಡೆ ಎಳೆದೂ ಎಳೆದೂ ಬಲಗೈಯ ಎರಡು ಬೆರಳು ಜೋಮು ಹಿಡಿದಂತಾಗಿ, ಕೊನೆಗೆ ಸ್ಪರ್ಶವೇ ಹೊರಟುಹೋಗಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಆ ಎರಡು ಬೆರಳಲ್ಲೇ ಹಿಡಿದು ಇಳಿಸಿಬಿಡುತ್ತಿದ್ದ. ಅವನು ಅದನ್ನು ಜಾದೂ ಎಂಬಂತೆ ಮಾಡಿ ತೋರಿಸುವಾಗ ಅತ್ತಿಗೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಆ ದಿನ ಅವನು ಅನ್ನಕ್ಕೆ ಕೈ ಹಾಕುವ ಮುಂಚೆಯೇ ಹೇಳಿದ. "ಅಗಸೆ ಬೀಜ. ಪುಡಿ ಮಾಡಿ ಬೂಸಾದ ಜೊತೆ ಕಲಸಿ ಕೊಡ್ಬೇಕು. ದಿನಕ್ಕೆ ಒಂದು ಹಸುಗೆ ಒಂದು ಲೋಟ. ಹಾಲೂ ಜಾಸ್ತಿ, ಕೊಬ್ಬೂ ಜಾಸ್ತಿ, ಮೈ ಅಂತೂ ಎಣ್ಣೆ ಹಚ್ಚಿದ ಹಾಗೆ ಮಿರಮಿರ."

"ಯಾರು ಹೇಳಿದ್ದು?" ಅಪ್ಪ ತಲೆಯೆತ್ತಲಿಲ್ಲ.

"ಪಶು ಆಸ್ಪತ್ರೆ ಕಾಂಪೌಂಡರು. ಫೋನಲ್ಲೂ ನೋಡಿದೆ."

"ಫೋನಲ್ಲಿ ಹಸು ಇತ್ತಾ?"

"ಇತ್ತಪ್ಪಾ. ದಿನಕ್ಕೆ ಮೂವತ್ತು ಲೀಟರ್ ಕೊಡೋ ಹಸು."

"ಹಾಗಾದ್ರೆ ಫೋನನ್ನೇ ಹಿಂಡ್ಕೋ ಹೋಗು. ಕೊಟ್ಟಿಗೆ ತಂಟೆಗೆ ಬರ್ಬೇಡ. ಹಸು ಅಂದ್ರೆ ಹುಲ್ಲು. ಹಸಿ ಹುಲ್ಲು, ಒಣ ಹುಲ್ಲು, ನೀರು. ಬೀಜ ಹಾಕೋಕೆ ಅದೇನು ಗಿಳಿಯಾ?"

"ಹಾಲಿಗೆ ಮೆಂತ್ಯ ಕೊಡ್ಬೇಕು," ಎಂದು ಅಜ್ಜಿ ನಡುವೆ ಬಾಯಿ ಹಾಕಿದಳು. "ಅಗಸೆ ಅಂತೆ ಅಗಸೆ. ಕೇಳಿದ್ರಲ್ವಾ ಯಾರಾದ್ರೂ ನನ್ನನ್ನ?"

"ಕೇಳಿದ್ರೆ ನೀನು ಎಲ್ಲದಕ್ಕೂ ಮೆಂತ್ಯಾನೇ ಹೇಳ್ತೀಯ ಅಜ್ಜಿ. ಮೊನ್ನೆ ನನ್ನ ಸೈಕಲ್ ಚೈನಿಗೂ ಹೇಳ್ದೆ."

"ಮೊದ್ಲು ಊಟ ಮಾಡಿ, ಆರ್ತಿದೆ," ಎಂದು ಅತ್ತಿಗೆ ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿದಳು.

ಊಟ ಮುಗಿಯುವಷ್ಟರಲ್ಲಿ ಒಂದು ಒಪ್ಪಂದವಾಯಿತು. ಕೊಟ್ಟಿಗೆಯಲ್ಲಿ ಬಾಗಿಲ ಕಡೆ ಕಟ್ಟುವ ಮೂರು ಹಸುಗಳಿಗೆ ಬೀಜ. ಗೋಡೆ ಕಡೆಯ ಮೂರಕ್ಕೆ ಎಂದಿನ ಮೇವು, ಅವು ಅಪ್ಪನ ಪಾಲು. ಒಂದು ತಿಂಗಳು ಹಾಲು ಅಳೆದು ಬರೆಯುವುದು. ಯಾರು ಸೋಲುತ್ತಾರೋ ಅವರು ಆಮೇಲೆ ಉಸಿರೆತ್ತುವಂತಿಲ್ಲ.

"ಬರೆಯೋದು ಯಾರು?" ಅಪ್ಪ ಕೇಳಿದ. "ನೀನು ಬರೆದ್ರೆ ಐದಕ್ಕೆ ಐವತ್ತು ಬರೀತೀಯ."

"ಸುಮ್ಮಿ ಬರೀಲಿ. ಡಿಗ್ರಿ ಓದಿರೋಳು. ಯಾರ ಪಕ್ಷಾನೂ ಅಲ್ಲ."

"ಅದು ಸರಿ," ಎಂದಳು ಅಜ್ಜಿ. "ಮಾತೇ ಆಡಲ್ಲ, ಸುಳ್ಳು ಎಲ್ಲಿಂದ ಹೇಳ್ತಾಳೆ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅಮ್ಮ ತೀರಿಕೊಂಡ ಒಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಎಲ್ಲರೂ ಒಂದೇ ಮಾತಿಗೆ ನಕ್ಕದ್ದು ಅಪರೂಪ. ಅಣ್ಣ ಹೊಸ ನೋಟ್‌ಬುಕ್ಕನ್ನು ಅವಳ ತೊಡೆಯ ಮೇಲಿಟ್ಟ. "ಇವತ್ತಿಂದ ನೀನು ನನ್ನ ಸೆಕ್ರೆಟರಿ ಕಣೇ. ಬೀಜ ಪುಡಿ ಮಾಡ್ಸೋದು, ಕಲಸೋದು, ಬರೆಯೋದು ಎಲ್ಲಾ ನಿಂದೇ."

ಡಿಗ್ರಿ ಮುಗಿದ ಮೇಲೆ ಯಾರೂ ಅವಳಿಗೆ ಒಂದು ಕೆಲಸವನ್ನು ಪೂರ್ತಿಯಾಗಿ ಒಪ್ಪಿಸಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದಳು. ತಾರೀಕು, ಬಾಗಿಲ ಕಡೆ, ಗೋಡೆ ಕಡೆ. ಕೊನೆಯಲ್ಲಿ ಒಂದು ಸಣ್ಣ ಮನೆ ಉಳಿಯಿತು. ಅದಕ್ಕೆ 'ಷರಾ' ಎಂದು ಬರೆದಳು.

ಹತ್ತು ಕೆಜಿ ಬೀಜ ಬಂತು. ಮಿಕ್ಸಿಗೆ ಹಾಕೋಣವೆಂದರೆ ಅತ್ತಿಗೆ ಮೊದಲೇ ಬೇಲಿ ಕಟ್ಟಿದ್ದಳು. "ನನ್ನ ಮಿಕ್ಸಿ ಮುಟ್ಟಿದ್ರೆ ನಾಳೆಯಿಂದ ಮಸಾಲೆ ನೀವೇ ಹಲ್ಲಲ್ಲಿ ಅರ್ಕೊಳ್ಳಿ." ಹಾಗಾಗಿ ಸುಮ್ಮಿ ಚೀಲವನ್ನು ಸೊಂಟಕ್ಕೇರಿಸಿ ಬೀದಿಯ ತುದಿಯ ಹಿಟ್ಟಿನ ಗಿರಣಿಗೆ ಹೋದಳು.

ಗಿರಣಿಯವನು ಒಂದು ಮುಷ್ಟಿ ಬೀಜ ತೆಗೆದು ಉಜ್ಜಿ ಮೂಸಿದ. ಯಂತ್ರದ ಸದ್ದಿನಲ್ಲಿ ಅವನಿಗೆ ಕೂಗಿಯೇ ಮಾತಾಡಿ ಅಭ್ಯಾಸ. "ಇದು ಎಣ್ಣೆ ಬೀಜ ಕಣಮ್ಮ! ಕಲ್ಲಿಗೆ ಮೆತ್ಕೊಳ್ಳುತ್ತೆ! ಆಮೇಲೆ ಇವರ ಗೋಧಿ ಎಲ್ಲಾ ಅಂಟಂಟು! ಯಾರು ತಿನ್ನೋಕೆ ಇದು?"

ಸಾಲಿನಲ್ಲಿದ್ದ ನಾಲ್ಕೈದು ಹೆಂಗಸರು ತಮ್ಮ ತಮ್ಮ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡು ಅವಳನ್ನು ನೋಡಿದರು.

"ಹಸು," ಎಂದಳು ಅವಳು.

"ಏನು?"

ಅವಳು ಇನ್ನೊಮ್ಮೆ ಹೇಳಲಿಲ್ಲ. ಚೀಲ ಎತ್ತಿಕೊಂಡಳು. ಕಿವಿಯ ತುದಿ ಸುಡುತ್ತಿತ್ತು. ಸೇತುವೆ ದಾಟಿದರೆ ಇನ್ನೊಂದು ಗಿರಣಿ ಇತ್ತು, ದೊಡ್ಡದು, ಎಣ್ಣೆ ಬೀಜಕ್ಕೆ ಬೇರೆ ಯಂತ್ರವೇ ಇದ್ದದ್ದು. ಆದರೆ ಅಲ್ಲಿ ಅವಳ ಜೊತೆ ಕಾಲೇಜಿನಲ್ಲಿ ಓದಿದ ಹುಡುಗಿಯ ಗಂಡ ಮೇಸ್ತ್ರಿ. 'ಈಗ ಏನು ಮಾಡ್ತಿದೀಯ?' ಎಂದು ಕೇಳುತ್ತಾನೆ. ನಾಳೆ ಹೋಗುತ್ತೇನೆ ಎಂದುಕೊಂಡಳು.

ಆ ಸಂಜೆ ಬೀಜವನ್ನು ಹಾಗೇ ಬೂಸಾಕ್ಕೆ ಸುರಿದು, ನೀರು ಹಾಕಿ, ಎರಡೂ ಕೈಯಲ್ಲಿ ಕಲಸಿದಳು. ಬೂಸಾದ ಬಣ್ಣದೊಳಗೆ ಬೀಜದ ಬಣ್ಣ ಕಾಣಲಿಲ್ಲ. ಹಸುವಿಗೆ ಹಲ್ಲಿಲ್ಲವೇ, ಅಗಿದುಕೊಳ್ಳುತ್ತದೆ. ದಿನವಿಡೀ ಅದಕ್ಕೆ ಅದೇ ಅಲ್ಲವೇ ಕೆಲಸ? ಆದರೂ ಮನಸ್ಸು ತಡೆಯದೆ ಷರಾ ಎಂಬ ಮನೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಳು: 'ಬೀಜ ಪುಡಿಯಾಗಿಲ್ಲ.' ನೋಟ್‌ಬುಕ್ಕನ್ನು ಹಾಲಿನ ಕ್ಯಾನುಗಳ ಪಕ್ಕದ ಗೂಡಿನಲ್ಲಿ, ಯಾರು ಬೇಕಾದರೂ ನೋಡುವ ಹಾಗೆ, ತೆರೆದಿಟ್ಟಳು.

ಬೆಳಿಗ್ಗೆ ಅಣ್ಣ ಬಂದು ನೋಡಿದ. ಅವನ ಕಣ್ಣು ಅಂಕಿಗಳ ಮೇಲೆ ಓಡಿ ಅಲ್ಲೇ ನಿಂತಿತು. ಷರಾದವರೆಗೆ ಹೋಗಲಿಲ್ಲ. ಮಾರನೆಯ ದಿನವೂ ಇಲ್ಲ. ಅವಳು ದಿನಾ ಬರೆದಳು. 'ಬೀಜ ಪುಡಿಯಾಗಿಲ್ಲ.' ನಾಲ್ಕು ದಿನವಾದ ಮೇಲೆ 'ಮೇಲಿನಂತೆ' ಎಂದು ಬರೆದಳು. ಬರೆದಿದ್ದೇನಲ್ಲ, ಬಚ್ಚಿಟ್ಟಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ನಾಳೆ ಎಂಬುದು ಸೇತುವೆಯ ಆಚೆಯೇ ಉಳಿಯಿತು.

ಗೊಂದಲ ಶುರುವಾದದ್ದು ಹಾಲು ಹೆಚ್ಚತೊಡಗಿದಾಗ.

ಬಾಗಿಲ ಕಡೆಯ ಮೂರು ಮೊದಲು ದಿನಕ್ಕೆ ಇಪ್ಪತ್ತೊಂದು ಲೀಟರು ಕೊಡುತ್ತಿದ್ದವು. ಎರಡನೆಯ ವಾರಕ್ಕೆ ಇಪ್ಪತ್ಮೂರೂವರೆ. ಅಣ್ಣ ಕ್ಯಾನಿನ ಮುಂದೆ ಕುಣಿಯುವುದೊಂದು ಬಾಕಿ. ಆದರೆ ಬೀಜದ ಮುಖವನ್ನೇ ಕಾಣದ ಗೋಡೆ ಕಡೆಯ ಮೂರೂ ಹತ್ತೊಂಬತ್ತರಿಂದ ಇಪ್ಪತ್ತೊಂದಕ್ಕೆ ಏರಿದ್ದವು.

"ನೋಡಿದ್ಯಾ?" ಎಂದ ಅಪ್ಪ. "ನನ್ನವೂ ಏರಿವೆ. ಎಲ್ಲಿಂದ ಬಂತು ನಿನ್ನ ಬೀಜ?"

"ಗೋದಲಿ ಒಂದೇ ಅಲ್ವಾ ಅಪ್ಪಾ? ನನ್ನವು ತಿಂದು ಬಿಟ್ಟದ್ದನ್ನ ನಿನ್ನವು ನೆಕ್ತಿವೆ. ಎಂಜಲು ನೆಕ್ಕಿದ್ದಕ್ಕೇ ಎರಡು ಲೀಟರು ಅಂದ್ರೆ ಬೀಜದ ಶಕ್ತಿ ಲೆಕ್ಕ ಹಾಕು!"

ಬೀದಿಯ ದರ್ಜಿಯ ಹೆಂಡತಿ ಹಾಲಿನ ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಹಾಲು ಯಾಕೋ ಮೆಂತ್ಯ ವಾಸನೆ ಬರ್ತಿದೆ. ಟೀ ಕುಡಿದ್ರೆ ಔಷಧಿ ಕುಡಿದ ಹಾಗಾಗುತ್ತೆ."

"ಅದು ಬೀಜದ ಘಮ ಅಕ್ಕಾ," ಎಂದ ಅಣ್ಣ. "ಒಳ್ಳೇದು. ಮೂಳೆ ಗಟ್ಟಿಯಾಗುತ್ತೆ."

ಅಗಸೆಗೆ ಮೆಂತ್ಯದ ವಾಸನೆ ಹೇಗೆ ಬಂತೆಂದು ಸುಮ್ಮಿಗೆ ಆ ಸಂಜೆಯೇ ತಿಳಿಯಿತು. ಅವಳು ಅಟ್ಟದಿಂದ ಇಳಿಯುವಾಗ ಅಜ್ಜಿ ಸೆರಗಿನಡಿಯಿಂದ ಒಂದು ಬಟ್ಟಲು ತೆಗೆದು, ನೆನೆಸಿದ ಮೆಂತ್ಯವನ್ನು ಹಸುಗಳ ಬಾಯಿಗೆ ಒಂದೊಂದು ಮುಷ್ಟಿ ಇಡುತ್ತಿದ್ದಳು. ಬಾಗಿಲ ಕಡೆ ಗೋಡೆ ಕಡೆ ಎಂಬ ಭೇದವಿಲ್ಲ.

"ಬಾಯಿ ಬಿಟ್ರೆ ನೋಡು," ಎಂದಳು ಅಜ್ಜಿ. ಆಮೇಲೆ ತನ್ನ ಮಾತಿಗೆ ತಾನೇ ನಕ್ಕಳು. "ನಿನಗೆ ಹೇಳ್ತಿದೀನಲ್ಲ, ನನಗೆ ಬುದ್ಧಿ ಇಲ್ಲ. ನಿಮ್ಮಣ್ಣ ಹುಟ್ಟಿದಾಗ ನಿಮ್ಮಮ್ಮಂಗೆ ಹಾಲೇ ಬರ್ಲಿಲ್ಲ. ಹತ್ತು ದಿನ ಇದನ್ನೇ ಅರೆದು ಕುಡಿಸ್ದೆ. ಅದೇ ಹಾಲು ಕುಡಿದು ಬೆಳೆದೋನು ಈಗ ಫೋನು ನೋಡ್ಕೊಂಡು ನನಗೆ ಹೇಳ್ಕೊಡ್ತಾನೆ."

"ಹೇಳ್ಬಿಡು ಅಜ್ಜಿ ಅವನಿಗೆ."

"ಹೇಳಿದ್ರೆ ನಗ್ತಾನೆ. ಇವಳು ಎಲ್ಲದಕ್ಕೂ ಮೆಂತ್ಯ ಅಂತಾಳೆ ಅಂತ. ಗೆದ್ದ ಮೇಲೆ ಹೇಳ್ತೀನಿ."

ಎರಡು ದಿನ ಬಿಟ್ಟು ಅಪ್ಪ ಸಿಕ್ಕಿಬಿದ್ದ. ಮಧ್ಯಾಹ್ನ ಎರಡು ಗಂಟೆಗೆ, ಮನೆಯೆಲ್ಲ ಮಲಗಿರುವಾಗ, ಕಾಲುವೆ ಏರಿಯಿಂದ ಕುಯ್ದ ಹಸಿ ಹುಲ್ಲಿನ ಹೊರೆ ಹೊತ್ತು, ಕಳ್ಳನ ಹಾಗೆ ಹಿಂಬಾಗಿಲಿನಿಂದ ಕೊಟ್ಟಿಗೆಗೆ ಬಂದ. ಮಂಡಿ ನೋವೆಂದು ಅಂಗಡಿಗೂ ಹೋಗದ ಮನುಷ್ಯ. ಅಟ್ಟದ ಮೇಲೆ ದಿನಚರಿ ಹಿಡಿದು ಕೂತವಳ ಕಣ್ಣೂ ಅವನ ಕಣ್ಣೂ ಸಂಧಿಸಿದವು.

"ನೋಡಿದ್ಯಾ?"

"ಹೂಂ."

"ನೋಡ್ಲಿಲ್ಲ ಅನ್ಕೋ."

"ಎಂದಿನ ಮೇವು ಮಾತ್ರ ಅಂತ ಮಾತಾಗಿತ್ತಲ್ವಾ ಅಪ್ಪಾ?"

"ಹುಲ್ಲು ಎಂದಿನ ಮೇವಲ್ವಾ? ಸ್ವಲ್ಪ ಜಾಸ್ತಿ, ಅಷ್ಟೆ." ಅಪ್ಪ ಗೋಡೆ ಕಡೆಯ ಮೂರಕ್ಕೆ ಹಾಕಿದ. ಬಾಗಿಲ ಕಡೆಯ ಮೂರರಲ್ಲಿ ಚುಕ್ಕಿ ಎಂಬ ಹಸು ಕತ್ತು ನೀಡಿ ಕೂಗಿತು. ಅಪ್ಪ ಆಚೀಚೆ ನೋಡಿ ಅದಕ್ಕೂ ಒಂದು ಹಿಡಿ ಹಾಕಿದ. ಮಿಕ್ಕೆರಡೂ ಕೂಗಿದವು. ಅವಕ್ಕೂ ಹಾಕಿದ. "ಮುಖ ನೋಡಿ ಕೂಗುತ್ತಲ್ಲೇ, ನಾನೇನು ಮಾಡ್ಲಿ?"

ಇನ್ನು ಉಳಿದವಳು ಅತ್ತಿಗೆ. ಬೆಳಿಗ್ಗೆ ಹಾಲು ಕರೆಯುವುದು, ಅಳತೆ ಕೋಲನ್ನು ಕ್ಯಾನಿಗಿಳಿಸಿ ಕೂಗಿ ಹೇಳುವುದು ಅವಳ ಕೆಲಸ. ಅವಳ ಕೈ ಬಿರುಸು. ಹಾಲು ಜರ್ರನೆ ಬೀಳುತ್ತಿತ್ತು. ಬಿಳಿ ನೊರೆ ಕ್ಯಾನಿನ ಕಂಠಕ್ಕೆ ಬರುತ್ತಿತ್ತು. ಒಂದು ದಿನ ಸುಮ್ಮಿ ಪೆನ್ನು ಹಿಡಿದು, ನೊರೆಗೆ ಅಂಟಿದ ಕೋಲನ್ನೇ ನೋಡುತ್ತ ನಿಂತಳು. ಅಣ್ಣ ಆಗಷ್ಟೇ ಸೈಕಲ್ ಹತ್ತಿ ಹೋಗಿದ್ದ.

"ಏನು ನೋಡ್ತೀಯ?" ಎಂದಳು ಅತ್ತಿಗೆ. "ನೊರೆ ಸಮೇತ ಅಂತಾನಾ? ಹೌದು, ನೊರೆ ಸಮೇತ. ಅದು ಇಳಿಯೋ ತನಕ ನಿಮ್ಮಣ್ಣ ನಿಲ್ತಾರಾ? ಫ್ಯಾಕ್ಟರಿ ಗಂಟೆ ಹೊಡಿಯುತ್ತೆ."

"ಮೊದ್ಲು ಇಳಿಯೋ ತನಕ ಕಾಯ್ತಿದ್ವಲ್ಲ ಅತ್ತಿಗೆ."

"ಮೊದ್ಲು ಅವರು ಇಲ್ಲಿ ನಿಂತಿರ್ತಿರ್ಲಿಲ್ಲ." ಅತ್ತಿಗೆ ಕೋಲನ್ನು ಬಟ್ಟೆಯಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಮದುವೆಯಾಗಿ ನಾಲ್ಕು ವರ್ಷ. ಬೆಳಿಗ್ಗೆ ಹೊತ್ತು ಅವರು ನಕ್ಕಿದ್ದು ನಾನು ನೋಡಿರ್ಲಿಲ್ಲ ಸುಮ್ಮಿ. ಕೈ ಉಜ್ಕೊಂಡು, ಉಜ್ಕೊಂಡು, ಮುಖ ಗಂಟು ಹಾಕ್ಕೊಂಡು ಹೋಗೋರು. ಈಗ ನಗ್ತಾ ಹೋಗ್ತಾರೆ. ಅರ್ಧ ಲೀಟರ್ ನೊರೆಗೆ ಒಂದು ನಗು. ದುಬಾರಿಯಾ ಹೇಳು?"

ಸುಮ್ಮಿ ಕೋಲು ತೋರಿಸಿದ ಅಂಕಿಯನ್ನೇ ಬರೆದುಕೊಂಡಳು. ಅವಳು ಏನೂ ಹೇಳುವುದಿಲ್ಲ ಎಂದೇ ಎಲ್ಲರೂ ಅವಳಿಗೆ ಹೇಳುತ್ತಿದ್ದರು.

ಮಧ್ಯಾಹ್ನ ದಿನಚರಿಯಲ್ಲಿ ಬರೆದಳು. "ಹಾಲು ಹೆಚ್ಚಿದ್ದು ನಿಜವಾ? ನಿಜ ಆದ್ರೆ ಯಾವುದರಿಂದ? ಮೆಂತ್ಯನಾ, ಹುಲ್ಲಾ, ನೊರೆನಾ? ಬೀಜವಂತೂ ಅಲ್ಲ, ಅದು ಬಂದ ಹಾಗೇ ಹೊರಗೆ ಹೋಗ್ತಿದೆ. ಅಥವಾ ಒಂದಿಷ್ಟು ಬೀಜ ಹಲ್ಲಿಗೆ ಸಿಕ್ಕಿ ಮುರೀತಿದ್ಯಾ? ನೀರಲ್ಲಿ ನೆನೆದ ಲೋಳೆ ಕೆಲಸ ಮಾಡ್ತಿದ್ಯಾ? ನನಗೇನೂ ಗೊತ್ತಾಗ್ತಿಲ್ಲ. ಎಲ್ಲ ಗೊತ್ತಿರೋಳು ನಾನೊಬ್ಬಳೇ, ಏನೂ ಗೊತ್ತಿಲ್ಲದೋಳೂ ನಾನೇ."

ಅತ್ತಿಗೆಗೆ ಜ್ವರ ಬಂದ ಒಂದು ದಿನ ಸುಮ್ಮಿಯೇ ಹಾಲು ಕರೆದು, ಅಣ್ಣ ಹೋದ ಮೇಲೆ ನೊರೆ ಪೂರ್ತಿ ಇಳಿಯುವ ತನಕ ಕಾದು ಅಳೆದಳು. ನೊರೆ ಇಲ್ಲದೆಯೂ ಮೊದಲಿಗಿಂತ ಒಂದು ಲೀಟರು ಜಾಸ್ತಿಯೇ ಇತ್ತು. ಅದರಿಂದ ಅವಳ ಗೊಂದಲ ಇನ್ನೂ ಒಂದು ಸುತ್ತು ಬಿಗಿಯಿತು.

ಮೂರನೆಯ ವಾರ ಟೈರ್ ಅಂಗಡಿಯವನು ಬಂದ. ಅವನಿಗೆ ಎರಡು ಎಮ್ಮೆ. ಅವನ ಹಿಂದೆ ಬೇಕರಿಯವನು ಬಂದ. ಅವನಿಗೆ ನಾಲ್ಕು ಹಸು. ಅಣ್ಣ ನೋಟ್‌ಬುಕ್ಕನ್ನು ಅವರ ಮುಂದೆ ಹಿಡಿದು ಬೆರಳಿಂದ ಗೆರೆ ಎಳೆದು ತೋರಿಸಿದ. "ಇದು ನಾನು ಬರೆದದ್ದಲ್ಲ, ನನ್ನ ತಂಗಿ ಬರೆದದ್ದು. ಅಕ್ಷರ ನೋಡಿ, ಮುತ್ತು." ಇಬ್ಬರೂ ತಲೆಯಾಡಿಸಿದರು. ಷರಾ ಎಂಬ ಮನೆಯ ಮೇಲೆ ಅಣ್ಣನ ಹೆಬ್ಬೆರಳು ಇತ್ತು.

ಅವರು ಹೋದ ಮೇಲೆ ಅಣ್ಣ ಅಡುಗೆಮನೆಗೆ ಬಂದು ಹೇಳಿದ. "ನಾನೇ ಬೀಜ, ಬೂಸಾ ಎಲ್ಲಾ ಕಲಸಿ ಚೀಲ ಮಾಡಿ ಇಂಥವರಿಗೆಲ್ಲಾ ಮಾರ್ತೀನಿ. ಸೋಮವಾರ ಫ್ಯಾಕ್ಟರಿಗೆ ರಾಜೀನಾಮೆ."

ಅತ್ತಿಗೆ ಬದನೆಕಾಯಿ ಹೆಚ್ಚುತ್ತಿದ್ದವಳು ನಿಲ್ಲಿಸಿದಳು. "ತಿಂಗಳು ಇನ್ನೂ ಮುಗಿದಿಲ್ಲ."

"ಮುಗಿಯೋಕೆ ಏನಿದೆ? ಏರ್ತಾನೇ ಇದೆ."

"ಇಳಿದ್ರೆ?"

"ಯಾಕೆ ಇಳಿಯುತ್ತೆ? ನೀನೇ ಅಳೀತೀಯ, ನೀನೇ ನಂಬಲ್ವಾ?"

ಅತ್ತಿಗೆ ಬಾಯಿ ತೆರೆದಳು. ಸುಮ್ಮಿಯ ಕಡೆ ಒಮ್ಮೆ ನೋಡಿದಳು. ಬಾಯಿ ಮುಚ್ಚಿ ಮತ್ತೆ ಹೆಚ್ಚತೊಡಗಿದಳು. ತುಂಡುಗಳು ದಪ್ಪದಪ್ಪವಾದವು.

"ಒಳ್ಳೇ ಕೆಲಸ ಬಿಡ್ತಾನಂತೆ," ಎಂದು ಹಜಾರದಿಂದ ಅಪ್ಪ ಕೂಗಿದ. "ನಾಳೆ ಹಾಲು ಬರದಿದ್ರೆ ಆ ಟೈರಿನೋನು ನಿನ್ನ ಮೇಲೇ ಟೈರು ಹತ್ತಿಸ್ತಾನೆ."

"ಒಳ್ಳೇ ಕೆಲಸನಾ?" ಅಣ್ಣ ಒಲೆಯ ಹತ್ತಿರ ಹೋಗಿ, ಕುದಿಯುತ್ತಿದ್ದ ಟೀ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಹಜಾರಕ್ಕೆ ತಂದು ಅಪ್ಪನ ಮುಂದೆ ಇಟ್ಟ. "ಇದು ಒಳ್ಳೇ ಕೆಲಸ ಮಾಡಿದ ಕೈ ಅಪ್ಪಾ. ಇನ್ನೆರಡು ವರ್ಷ ಹೋದ್ರೆ ಉಳಿದ ಮೂರು ಬೆರಳೂ ಇದೇ ಜಾದೂ ಮಾಡ್ತವೆ."

ಟೀ ಕುದಿ ಇಳಿದು ಸುಮ್ಮನಾಯಿತು. ಅಪ್ಪ ಪಾತ್ರೆಯನ್ನು ಮುಟ್ಟಲೂ ಇಲ್ಲ, ಸರಿಸಲೂ ಇಲ್ಲ.

ಸುಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದಳು. ಹೇಳಿದರೆ ಅಣ್ಣನ ನಗು ಹೋಗುತ್ತದೆ, ಬೆರಳು ಮತ್ತೆ ಐಸಿಗೆ ಹೋಗುತ್ತದೆ. ಹೇಳದಿದ್ದರೆ ಕೆಲಸವೂ ಹೋಗಿ, ಬೀಜವೂ ಕೈಕೊಟ್ಟು, ಟೈರಿನವನೂ ಬೇಕರಿಯವನೂ ಬಾಗಿಲಿಗೆ ಬರುತ್ತಾರೆ. ಯಾವುದು ಅವನಿಗೆ ಒಳ್ಳೆಯದು? ಎಷ್ಟು ತಿರುವಿ ಹಾಕಿದರೂ ಅವಳಿಗೆ ತಿಳಿಯಲಿಲ್ಲ.

ಮಾರನೆಯ ದಿನ ಅಡುಗೆಮನೆಯ ಕಿಟಕಿಯ ಹೊರಗೆ ಅತ್ತಿಗೆಯ ಕೂಗು. "ಇದೇನು ಕಳೆ? ನನ್ನ ಕುಂಡದಲ್ಲೆಲ್ಲಾ ಬಂದಿದೆ!"

ಗುಲಾಬಿ ಕುಂಡಗಳಿಗೆ ಅತ್ತಿಗೆ ವಾರಕ್ಕೊಮ್ಮೆ ಸಗಣಿ ಹಾಕುತ್ತಿದ್ದಳು. ಗಿಡದ ಬುಡದ ಸುತ್ತ ಸೂಜಿಯಂತೆ ಸಣ್ಣ, ಎಳೆ ಹಸಿರು ಸಸಿಗಳು ಒತ್ತೊತ್ತಾಗಿ ಎದ್ದಿದ್ದವು. ಕೊಟ್ಟಿಗೆಯ ಹಿಂದಿನ ತಿಪ್ಪೆಯ ಅಂಚಿಗೆ ಹೋಗಿ ನೋಡಿದರೆ ಅಲ್ಲೂ ಹಾಗೇ. ಸುಮ್ಮಿ ಒಂದು ಸಸಿ ಕಿತ್ತಳು. ಎಳೆ ಎಲೆಯ ತುದಿಗೆ ಬೀಜದ ಸಿಪ್ಪೆ ಇನ್ನೂ ಟೋಪಿಯಂತೆ ಅಂಟಿಕೊಂಡಿತ್ತು. ಅದೇ ಕಂದು ಬಣ್ಣ, ಅದೇ ಹೊಳಪು.

"ಏನೋ ಹುಲ್ಲು," ಎಂದ ಅಪ್ಪ.

"ಗಾಳಿಗೆ ಬಂದಿರ್ಬೇಕು," ಎಂದಳು ಅಜ್ಜಿ.

ಅಣ್ಣ ಸಂಜೆ ಕೈಕಾಲು ತೊಳೆಯುವಾಗ ಅವಳು ನಲ್ಲಿಯ ಹತ್ತಿರ ಹೋಗಿ ನಿಂತಳು. ಮುಷ್ಟಿಯಲ್ಲಿ ಸಸಿ ಇತ್ತು. "ಅಣ್ಣಾ, ನೋಟ್‌ಬುಕ್ಕಲ್ಲಿ ಕೊನೇ ಮನೆ ನೋಡಿದ್ಯಾ?"

"ದಿನಾ ನೋಡ್ತೀನಲ್ಲೇ. ನಿನ್ನೆ ಇಪ್ಪತ್ನಾಲ್ಕು!"

"ಅದಲ್ಲ, ಅದರಾಚೆ."

"ಅದರಾಚೆ ಇಪ್ಪತ್ತೈದು!" ಅಣ್ಣ ಒದ್ದೆ ಕೈಯಿಂದ ಅವಳ ತಲೆಯ ಮೇಲೆ ನೀರು ಚಿಮುಕಿಸಿದ. "ಸೆಕ್ರೆಟರಿ, ಭಾನುವಾರ ನಿನಗೊಂದು ಕೆಲಸ ಇದೆ. ರಾಜೀನಾಮೆ ಪತ್ರ ನೀನೇ ಬರೆದುಕೊಡ್ಬೇಕು. ನನ್ನ ಅಕ್ಷರ ನೋಡಿದ್ರೆ ಮ್ಯಾನೇಜರು ನಾನೇ ಬಿಡೋಕೆ ಮುಂಚೆ ಅವನೇ ಬಿಡಿಸ್ತಾನೆ."

ಮುಷ್ಟಿಯೊಳಗಿನ ಸಸಿ ಬಾಡಿತು.

ಭಾನುವಾರ ಬೆಳಿಗ್ಗೆ ಅವಳು ಅಟ್ಟದ ಮೇಲೆ ಕೂತು ಪತ್ರ ಬರೆದಳು. ಎರಡು ಸಲ ಹರಿದುಹಾಕಿದಳು. ಕಾಗುಣಿತದ ತಪ್ಪೇನೂ ಇರಲಿಲ್ಲ. ಮೂರನೆಯ ಸಲ ಬರೆದದ್ದನ್ನು ಮಡಚಿದಳು. ಪತ್ರದ ಕೊನೆಗೂ ಒಂದು ಷರಾ ಬರೆಯಬಹುದಿತ್ತು. ಅದನ್ನು ಯಾರು ಓದುತ್ತಾರೆ?

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತರು. ಅತ್ತಿಗೆ ಅನ್ನ ಬಡಿಸಿ, ಆಲೂಗಡ್ಡೆ ಪಲ್ಯ ಬಡಿಸಿ, ಅಣ್ಣನ ತಟ್ಟೆಗೆ ಎರಡು ಸೌಟು ಮೊಸರು ಹೆಚ್ಚು ಹಾಕಿದಳು. ಅಜ್ಜಿಗೆ ಮೊಸರಿನಲ್ಲೂ ಮೆಂತ್ಯದ ವಾಸನೆ ಬಂದಿರಬೇಕು, ಸುಮ್ಮನೆ ಮೂಸಿ ಉಂಡಳು. ಅಪ್ಪನ ಅಂಗಿಯ ಬೆನ್ನಿಗೆ ಒಂದು ಹಸಿ ಹುಲ್ಲಿನ ಎಸಳು ಅಂಟಿತ್ತು. ಅದನ್ನು ನೋಡಿದವಳು ಸುಮ್ಮಿ ಒಬ್ಬಳೇ.

"ಎಲ್ಲಿ, ತಾ," ಎಂದ ಅಣ್ಣ. "ಬೇಡ, ನೀನೇ ಓದು. ಎಲ್ಲರೂ ಕೇಳ್ಲಿ. ಅಪ್ಪಾನೂ ಕೇಳ್ಲಿ."

"ನಾನು ಕೇಳಲ್ಲ," ಎಂದ ಅಪ್ಪ, ಆದರೆ ಅಗಿಯುವುದನ್ನು ನಿಲ್ಲಿಸಿದ.

"ಓದೇ, ಪತ್ರ ಓದೋಕೂ ನಾಚ್ಕೊಳ್ತಾಳೆ," ಎಂದಳು ಅಜ್ಜಿ.

ಅವಳು ಎದ್ದು ನಿಂತಳು. ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದಾಗ ನಿಂತ ಹಾಗೆ, ಒಂದು ಕಾಲಿನ ಮೇಲೆ ಇನ್ನೊಂದು ಕಾಲು. ಕಾಗದ ಬಿಚ್ಚಿದಳು. ಅವಳದೇ ಅಕ್ಷರ, ಮುತ್ತಿನಂಥ ಅಕ್ಷರ.

"ಮಾನ್ಯರೇ," ಎಂದು ಓದಿದಳು. "ಕಳೆದ ಎಂಟು ವರ್ಷಗಳಿಂದ..."

ಅಣ್ಣ ನಗುತ್ತಿದ್ದ. ಅತ್ತಿಗೆ ಅವನ ನಗುವನ್ನು ನೋಡುತ್ತಿದ್ದಳು. ಆ ಎರಡು ಬಿಳಿಚಿದ ಬೆರಳು ತಟ್ಟೆಯ ಅಂಚಿನ ಮೇಲಿದ್ದವು. ಅಜ್ಜಿಯ ಮೆಂತ್ಯ, ಅಪ್ಪನ ಹುಲ್ಲು, ಅತ್ತಿಗೆಯ ನೊರೆ, ಮೂರೂ ಅವಳ ನಾಲಿಗೆಯ ತುದಿಗೆ ಬಂದು ಕಾದು ನಿಂತವು. ಅವು ಅವಳವಲ್ಲ. ಅವಳದೆಂದು ಒಂದೇ ಒಂದಿತ್ತು. ಕಾಗದವನ್ನು ಕೆಳಗಿಳಿಸಿದಳು.

"ಬೀಜ ಪುಡಿಯಾಗಿಲ್ಲ."

ಅಣ್ಣ ಹುಬ್ಬು ಗಂಟಿಕ್ಕಿದ. "ಇದೆಲ್ಲಾ ಯಾಕೆ ಬರೆದೆ ಪತ್ರದಲ್ಲಿ? ಮ್ಯಾನೇಜರಿಗೂ ಬೀಜಕ್ಕೂ ಏನು ಸಂಬಂಧ?"

"ಏನಂದ್ಳು?" ಎಂದಳು ಅಜ್ಜಿ. "ಜೋರಾಗಿ ಹೇಳೇ."

ಕಿವಿಯ ತುದಿ ಮತ್ತೆ ಸುಡುತ್ತಿತ್ತು. ಆದರೂ ಈ ಸಲ ಅವಳು ಚೀಲ ಎತ್ತಿಕೊಂಡು ಹೊರಡಲಿಲ್ಲ. ಗಿರಣಿಯ ಸದ್ದನ್ನೂ ಮೀರಿ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ಇಪ್ಪತ್ತೆರಡು ದಿನದಿಂದ ಹಸುಗಳಿಗೆ ನಾನು ಇಡೀ ಬೀಜಾನೇ ಹಾಕ್ತಿದೀನಿ ಅಣ್ಣಾ. ಒಂದು ದಿನವೂ ಪುಡಿ ಮಾಡ್ಸಿಲ್ಲ."